ಕಾಗೆ ಮುಟ್ಟಿದ ಸುದ್ದಿ

ಅದು 1940ರ ಬೇಸಿಗೆ. ನನ್ನ ಮದುವೆಯಾಗಿ ಎರಡನೆಯ ವರ್ಷ. ನನ್ನ ತವರು ಕುಷ್ಟಗಿ ಕಡೆಯ ಒಂದು ಹಳ್ಳಿ, ಗಂಡನ ಮನೆ ಇರಕಲ್ಲಗಡದ ಸಮೀಪದ ಇನ್ನೊಂದು ಹಳ್ಳಿ. ಆಗ ನಮ್ಮದು ನಿಜಾಮರ ರಾಜ್ಯ. ಬಸ್ಸಿಲ್ಲ, ಫೋನಿಲ್ಲ. ಸುದ್ದಿ ಎಂದರೆ ಮನುಷ್ಯನೇ ನಡೆದುಕೊಂಡು ಹೋಗಿ ಬಾಯಿಂದ ಹೇಳಬೇಕು. ನಸುಕಿನಲ್ಲಿ ಹೊರಟರೆ ಹೊತ್ತು ಮುಳುಗುವಾಗ ಮುಟ್ಟುವಷ್ಟು ದೂರ. ನನಗೆ ಬರೆಯಲು ಬಾರದು. ನಾನು ಹೇಳುತ್ತಿದ್ದೇನೆ, ಮೊಮ್ಮಗಳು ಬರೆದುಕೊಳ್ಳುತ್ತಿದ್ದಾಳೆ. "ಸಿಟ್ಟು ಸ್ವಲ್ಪ ಕಡಿಮಿ ಮಾಡಿ ಹೇಳ ಆಯಿ" ಎನ್ನುತ್ತಾಳೆ. ಕಡಿಮೆಯಾಗುವ ಸಿಟ್ಟಾಗಿದ್ದರೆ ಇಷ್ಟು ವರ್ಷದಲ್ಲಿ ಆಗಿರುತ್ತಿತ್ತು.

ನಮ್ಮ ಅತ್ತೆಗೆ ಶಕುನದ ಹುಚ್ಚು. ಬೆಕ್ಕು ಅಡ್ಡ ಹೋದರೆ ಬೆಕ್ಕಿಗೆ ಏನೂ ಅನ್ನುತ್ತಿರಲಿಲ್ಲ, ಬಾಗಿಲು ತೆರೆದ ನನಗೆ ಬೈಯುತ್ತಿದ್ದರು. ಹಲ್ಲಿ ಲೊಚಗುಟ್ಟಿದರೆ ಅದು ಯಾವ ದಿಕ್ಕಿನ ಗೋಡೆಯಲ್ಲಿ ಎಂದು ನೋಡದೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಿನ ಕಾಟವೆಂದರೆ ಮಾತಿನದು. ಅವರ ಪ್ರಕಾರ ಬಾಯಿಂದ ಬಿದ್ದ ಮಾತು ಮುಂದೆ ಆಗುವುದನ್ನು ಕರೆದು ತರುತ್ತದೆ. ಹಾಗಾಗಿ ಆ ಮನೆಯಲ್ಲಿ ದೀಪ ಆರಿಸು ಎನ್ನುವಂತಿರಲಿಲ್ಲ, ದೀಪ ಶಾಂತ ಮಾಡು ಎನ್ನಬೇಕು. ಬಳೆ ಒಡೆಯಿತು ಎನ್ನುವಂತಿಲ್ಲ, ಹೆಚ್ಚಿತು ಎನ್ನಬೇಕು. ಮದುವೆಯಾದ ಹೊಸದರಲ್ಲಿ ನಾನು ಅಡುಗೆಮನೆಯಿಂದ "ಅತ್ತೀ, ಎಣ್ಣಿ ತೀರೈತ್ರಿ" ಎಂದು ಕೂಗಿದ್ದಕ್ಕೆ ನನ್ನ ಬಾಯಿ ತೊಳೆಸಿ, ದೇವರ ಮುಂದೆ ನಿಲ್ಲಿಸಿ, "ಎಣ್ಣಿ ಹೆಚ್ಚೈತಿ" ಎಂದು ಹೇಳಿಸಿದ್ದರು. ಖಾಲಿ ಗಡಿಗೆ ಮುಂದಿಟ್ಟುಕೊಂಡು ಹೆಚ್ಚಿದೆ ಎನ್ನುವಾಗ ನನಗೆ ನಗು ತಡೆಯಲಾಗಲಿಲ್ಲ. ಆಗಿನ್ನೂ ನಗು ಬರುತ್ತಿತ್ತು.

ಆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸಂಡಿಗೆ ಹಾಕಿ ಕಾಯುತ್ತ ಕುಳಿತಿದ್ದೆ. ಮನೆಗೆ ತಾಗಿದ ಬೇವಿನ ಮರದಲ್ಲಿ ಕಾಗೆಯ ಗೂಡಿತ್ತು, ಮರಿಗಳಿದ್ದವು. ಸಂಡಿಗೆ ಮಗುಚಲು ನಾನು ಆ ಕಡೆಯ ತುದಿಗೆ ಹೋದಾಗ ಕಾಗೆ ಹಾರಿ ಬಂದು ನನ್ನ ನೆತ್ತಿಯ ಮೇಲೆ ಬಡಿದು ಹೋಯಿತು. ಉಗುರು ತಾಗಿ ಸ್ವಲ್ಪ ಉರಿಯಿತು, ಅಷ್ಟೇ. ಆದರೆ ಕೆಳಗೆ ಅಂಗಳದಲ್ಲಿದ್ದ ಅತ್ತೆ ಅದನ್ನು ಕಂಡುಬಿಟ್ಟರು. "ಅಯ್ಯಯ್ಯ, ಕಾಗಿ ಮುಟ್ತು! ನೆತ್ತಿಗೇ ಮುಟ್ತು!" ಎಂದು ಎದೆ ಎದೆ ಬಡಿದುಕೊಂಡರು.

ಉಟ್ಟ ಸೀರೆಯಲ್ಲೇ ನನಗೆ ತಲೆಗೆ ನೀರು ಹಾಕಿದರು. ಕಾಗೆ ನೆತ್ತಿಗೆ ಮುಟ್ಟಿದರೆ ಸಾವು ಬಾಗಿಲಿಗೆ ಬಂತು ಎಂದು ನಮ್ಮ ಕಡೆ ನಂಬಿಕೆ. ಅದಕ್ಕೊಂದು ಪರಿಹಾರವೂ ಇದೆ. ಕಾಗೆ ಮುಟ್ಟಿದವರು ಸತ್ತೇಹೋದರು ಎಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಂಬಿ ಅತ್ತರೆ ಆ ಕಣ್ಣೀರಿನಲ್ಲಿ ಬರಬೇಕಾದ ಸಾವು ತೊಳೆದುಹೋಗುತ್ತದಂತೆ. ಅತ್ತ ಮೇಲೆ ನಿಜ ಹೇಳಬೇಕು.

ನಾನು ಅತ್ತೆಯ ಕಾಲು ಹಿಡಿದೆ. "ಬ್ಯಾಡ್ರಿ ಅತ್ತಿ. ನಮ್ಮವ್ವನ ಎದಿ ಒಡೀತೈತ್ರಿ. ಬೇಕಾದ್ರ ನಿಮ್ಮ ತಂಗಿ ಮನಿಗೆ ಕಳಸ್ರಿ, ಅವರು ಅಳ್ಳಿ" ಎಂದೆ.

"ಹಡದಾಕಿ ಕಣ್ಣೀರಿಗೆ ಇರೋ ಸತುವು ಮತ್ಯಾರ ಕಣ್ಣೀರಿಗೆ ಐತಿ? ನಿನ್ನ ಸಲುವಾಗೇ ಅಲ್ಲೇನ ಮಾಡೋದು, ಹುಚ್ಚಿ" ಎಂದರು ಅತ್ತೆ.

ಗಂಡನ ಕಡೆ ನೋಡಿದೆ. ಅವರು ಎತ್ತಿಗೆ ನೀರು ಕುಡಿಸುವ ನೆವ ಮಾಡಿ ಎದ್ದು ಹೋದರು. ನಮ್ಮ ಮನೆಯವರು ಕೆಟ್ಟವರಲ್ಲ. ಆದರೆ ಮಾತಾಡಬೇಕಾದ ಹೊತ್ತಿಗೆ ಸರಿಯಾಗಿ ಅವರ ಎತ್ತಿಗೆ ನೀರಡಿಕೆಯಾಗುತ್ತಿತ್ತು.

ಎಣ್ಣೆ ತೀರಿತು ಎನ್ನಲು ಹೆದರುವ ಬಾಯಿ, ಸೊಸೆ ತೀರಿಕೊಂಡಳು ಎನ್ನಲು ಒಂದಿಷ್ಟೂ ಹೆದರಲಿಲ್ಲ. ಇದನ್ನು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ.

ಸುದ್ದಿ ಒಯ್ದವನು ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ದುರಗಪ್ಪ. ಮೆತ್ತನೆಯ ಮನುಷ್ಯ, ಸುಳ್ಳು ಹೇಳಿ ಗೊತ್ತಿರಲಿಲ್ಲ. ಅತ್ತೆ ಅವನನ್ನು ಎದುರಿಗೆ ಕೂಡಿಸಿಕೊಂಡು ಹೇಗೆ ಅಳಬೇಕು, ಏನು ಹೇಳಬೇಕು ಎಂದು ಪಾಠ ಮಾಡಿದರು. "ಖರೇ ಏನೋ ಅಂತ ಕೇಳಿದ್ರ ಮಾದೇವನ ಆಣಿ ಅನ್ನು. ದೋಷ ನನಗಿರಲಿ" ಎಂದರು.

ಅಲ್ಲಿ ನಡೆದದ್ದನ್ನು ಆಮೇಲೆ ಅವನೇ ನನಗೆ ಹೇಳಿದ. ನಮ್ಮ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಳಂತೆ. "ನೀಲವ್ವ ಹೋಗಿಬಿಟ್ಲರೀ, ಮಣ್ಣಿಗೆ ಬರ್ರಿ" ಎಂದು ಇವನು ಅನ್ನುತ್ತಲೂ ಕುಳಿತಲ್ಲಿಯೇ ಒರಗಿದಳು. ಅಪ್ಪ ಇವನ ಅಂಗಿ ಹಿಡಿದು "ಖರೇ ಹೇಳೋ" ಎಂದು ಕೇಳಿದ. ಇವನು ಮಾದೇವನ ಆಣೆ ಮಾಡಿದ. ಅಪ್ಪ ಪಡಸಾಲೆಯ ಕಂಬಕ್ಕೆ ಹಣೆ ಹಣೆ ಚಚ್ಚಿಕೊಂಡ. ರಕ್ತ ಮೂಗಿನ ಮೇಲೆ ಇಳಿಯುವುದನ್ನು ಕಂಡು ದುರಗಪ್ಪ ಹೆದರಿ, "ಸುಳ್ಳರೀ, ಸುಳ್ಳು! ಕಾಗಿ ಮುಟ್ಟಿತ್ತರೀ!" ಎಂದು ಕೂಗಿದ. ಅಪ್ಪ ಅವನ ಕಪಾಳಕ್ಕೆ ಒಂದು ಬಿಟ್ಟ. ಅವ್ವ ಮಾತ್ರ ಎದ್ದು ಕುಳಿತು, ಅಳುತ್ತಲೇ ನಗುತ್ತ, ನಗುತ್ತಲೇ ಅಳುತ್ತ, ಹೂರಣ ರುಬ್ಬಿ ಹೋಳಿಗೆ ಮಾಡಿ ಅವನಿಗೆ ಉಣಿಸಿದಳು. ಮಗಳ ಆಯುಷ್ಯ ಗಟ್ಟಿಯಾಯಿತಲ್ಲ!

ಮುಂದಿನ ಸಲ ಅಪ್ಪ ನಮ್ಮೂರಿಗೆ ಬಂದಾಗ ಹಣೆಯ ಮೇಲೆ ಗಾಯದ ಕಲೆ ಕಂಡು "ಇದೇನಪಾ?" ಎಂದು ಕೇಳಿದೆ.

"ಏನಿಲ್ಲವಾ. ನೀ ಸತ್ತಿದ್ದೆಲ್ಲ, ಅವತ್ತು ಬಡಕೊಂಡಿದ್ದು" ಎಂದ ಅಪ್ಪ, ನಗುತ್ತ.

ನನಗೆ ನಗು ಬರಲಿಲ್ಲ. ಅತ್ತೆಗೆ ಕೇಳಲಿ ಎಂದೇ ಗಟ್ಟಿಯಾಗಿ, "ಇಂಥಾ ಆಟ ಇನ್ನೊಮ್ಮಿ ಆಡಿದ್ರ ನಾ ಖರೇನ ಭಾವಿಗೆ ಬೀಳ್ತೀನಿ" ಎಂದೆ. ಅತ್ತೆ ಒಳಗಿನಿಂದ, "ನೋಡ್ರಿ ಬೀಗ್ರ, ಎಂಥಾ ಮಾತು ಆಡ್ತಾಳ ಬಾಯಿಲೆ! ಹಿಂಗ ಅಂದದ್ದ ಆಗತೈತಿ" ಎಂದರು. ಅಪ್ಪನೂ ನನಗೇ ಕಣ್ಣು ಬಿಟ್ಟು ಸುಮ್ಮನಿರಿಸಿದ.

ಎರಡು ವರ್ಷ ಕಳೆದು ನಾನು ಬಸುರಿಯಾದೆ. ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ನನ್ನನ್ನು ಕರೆದೊಯ್ಯಲು ಅಪ್ಪ ಗಾಡಿ ತಂದ. ಉಡಿ ತುಂಬಿ ನನ್ನನ್ನು ಗಾಡಿಯಲ್ಲಿ ಕೂಡಿಸಿದರು. ಎತ್ತು ನಾಲ್ಕು ಹೆಜ್ಜೆ ಹಾಕಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಪ್ಪ ಅಕ್ಕರೆಯಿಂದ, "ಎಲ್ಲಿಗೆ ಹೊಂಟ್ಯವ್ವಾ?" ಎಂದ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುತ್ತಾರೆ. ಕೇಳಿದರೆ ಹೋದ ಕೆಲಸ ಕೆಡುತ್ತದಂತೆ. "ದೂರ ಹೊಂಟ್ರೇನು?" ಎಂದು ಕೇಳಬೇಕಂತೆ. ಪಾಪ, ವಯಸ್ಸಾದ ಮನುಷ್ಯ, ಮರೆತಿದ್ದ. ಅತ್ತೆ ಓಡಿ ಬಂದು ಎತ್ತಿನ ಮೂಗುದಾರ ಹಿಡಿದು ನಿಂತುಬಿಟ್ಟರು. "ಇಳಿ ಕೆಳಗ. ಎಲ್ಲಿಗೆ ಅಂತ ಅಂದಾತು. ಹೊಟ್ಯಾಗಿನ ಕೂಸಿಗೆ ಕೇಡು" ಎಂದರು. ಅಪ್ಪ ಒಂದು ಮಾತು ವಾದ ಮಾಡಿದ, ಎರಡನೆಯ ಮಾತಿಗೆ ಒಪ್ಪಿಕೊಂಡ. ಅವನಿಗೂ ಒಳಗೆ ಅದೇ ಅಂಜಿಕೆ. ಮತ್ತೆ ಒಳ್ಳೆಯ ದಿನ ನೋಡುವಷ್ಟರಲ್ಲಿ ಎಂಟನೆಯ ತಿಂಗಳು ಬಿತ್ತು. ಎಂಟರಲ್ಲಿ ಬಸುರಿ ಊರು ದಾಟಬಾರದು. ಒಂಬತ್ತು ಬೀಳಲಿ, ಬರುತ್ತೇನೆ ಎಂದು ಹೇಳಿ ಅಪ್ಪ ಖಾಲಿ ಗಾಡಿ ಹೊಡೆದುಕೊಂಡು ಹೋದ. ನಾನು ಉಡಿಯಲ್ಲಿದ್ದ ಅಕ್ಕಿ, ಕೊಬ್ಬರಿ ಬಿಚ್ಚಿ ಮತ್ತೆ ಗಡಿಗೆಗೆ ಸುರಿದೆ.

ಒಂಬತ್ತು ಬೀಳುವ ಮುಂಚೆಯೇ ನನಗೆ ಹೆರಿಗೆಯಾಯಿತು. ಹೆಣ್ಣು ಕೂಸು. ದಿನ ತುಂಬದೆ ಹುಟ್ಟಿದ್ದಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ಇತ್ತು, ಆದರೆ ಗಟ್ಟಿಯಾಗಿ ಅಳುತ್ತಿತ್ತು. ನೋಡಿದ ಕೂಡಲೇ ನನ್ನ ಅವ್ವನ ಹಣೆ, ಅವ್ವನ ಹುಬ್ಬು ಎನಿಸಿತು. ಆದರೆ ನನಗೆ ಜ್ವರ ಹಿಡಿಯಿತು. ಹಲ್ಲು ಕಟಕಟಿಸುವ ಚಳಿ, ಹಿಂದೆಯೇ ಸುಡುವ ಮೈ. ಎದೆಹಾಲು ಬತ್ತಿತು. ಸೂಲಗಿತ್ತಿ ನನ್ನ ಹೊಟ್ಟೆ ಮುಟ್ಟಿ ನೋಡಿ, "ಇದು ಬಾಣಂತಿ ಸನ್ನಿ. ನನ್ನ ಕೈಲಿಂದ ಆಗಂಗಿಲ್ಲ. ಕೊಪ್ಪಳದ ದವಾಖಾನಿಗೆ ಒಯ್ರಿ, ಕೂಸಿಗೂ ಏನರ ಕುಡಸ್ತಾರ" ಎಂದಳು.

ಅತ್ತೆ ಒಪ್ಪಲಿಲ್ಲ. ಚೊಚ್ಚಲ ಬಾಣಂತಿ ತವರಿನವರ ಹೊಣೆ, ಅವರು ಬಾರದೆ ದವಾಖಾನೆಗೆ ಒಯ್ದು ಹೆಚ್ಚುಕಡಿಮೆಯಾದರೆ ನಾಳೆ ಮಾತು ಕೇಳುವವರು ಯಾರು ಎಂದರು. ಮೊದಲು ಅವರಿಗೆ ಸುದ್ದಿ ಹೋಗಲಿ ಎಂದರು. ನನಗೂ ಅವ್ವ ಬೇಕಾಗಿದ್ದಳು. ಸುಡುವ ಮೈಯಲ್ಲಿ ನಾನು ಅನ್ನುತ್ತಿದ್ದುದು ಅದೊಂದೇ ಮಾತು. "ಅವ್ವನ್ನ ಕರಸ್ರಿ."

ಮತ್ತೆ ದುರಗಪ್ಪನನ್ನೇ ಕಳಿಸಿದರು. ಬೇರೆ ಯಾರನ್ನಾದರೂ ಕಳಿಸಬೇಕು ಎಂಬ ಬುದ್ಧಿ ಆ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅವನು ನಮ್ಮ ತವರಿನ ಬಾಗಿಲಿಗೆ ಹೋಗಿ ನಿಂತಾಗ ಅವ್ವ ಅವನ ಮುಖ ನೋಡಿಯೇ ನಕ್ಕಳಂತೆ. "ನೀಲವ್ವ ಉಳಿಯಂಗಿಲ್ರಿ. ಜೀವ ಇರೋದ್ರಾಗ ಬಂದು ಮಾರಿ ನೋಡ್ರಿ" ಎಂದ.

"ಮತ್ತ ಕಾಗಿ ಮುಟ್ತೇನೋ ದುರಗಪ್ಪ?" ಎಂದಳು ಅವ್ವ.

"ಇಲ್ಲರೀ ಯವ್ವಾ. ಹೆರಿಗಿ ಆಗೈತ್ರಿ. ಸನ್ನಿ ಹಿಡದೈತ್ರಿ."

"ದಿನಾನ ತುಂಬಿಲ್ಲ, ಹೆರಿಗಿ ಹೆಂಗಾತು? ಆಗಿದ್ರ ಬೆಲ್ಲ ಎಲ್ಲಿ?" ಎಂದ ಅಪ್ಪ. ಕೂಸು ಹುಟ್ಟಿದ ಸುದ್ದಿ ತರುವವರು ಬೆಲ್ಲ ಹಿಡಿದು ಬರುವುದು ನಮ್ಮ ಕಡೆಯ ಪದ್ಧತಿ. ಸಾಯುವವಳ ಸುದ್ದಿ ಒಯ್ಯುವವನು ಬೆಲ್ಲ ಹೇಗೆ ಹಿಡಿದುಕೊಂಡು ಹೋದಾನು?

ದುರಗಪ್ಪ ಅತ್ತ. ಹೋದ ಸಲವೂ ಹೀಗೇ ಅತ್ತಿದ್ದ. ಮಾದೇವನ ಆಣೆ ಎಂದ. ಹೋದ ಸಲವೂ ಇದೇ ಆಣೆ ಮಾಡಿದ್ದ. "ಇದು ಖರೇರಿ ಯಪ್ಪಾ, ಖರೇ" ಎಂದು ಅಪ್ಪನ ಕಾಲಿಗೆ ಬಿದ್ದ. "ಛಲೋ ಕಲ್ತೀಯಲೇ" ಎಂದು ಅಪ್ಪ ಬೆನ್ನು ಚಪ್ಪರಿಸಿದ. ನಿಜ ಹೇಳುವುದಕ್ಕೆ ಮನುಷ್ಯನ ಹತ್ತಿರ ಇರುವುದು ಮಾತು, ಕಣ್ಣೀರು, ದೇವರ ಹೆಸರು ಇಷ್ಟೇ. ಆ ಮೂರನ್ನೂ ನಮ್ಮ ಅತ್ತೆ ಎರಡು ವರ್ಷದ ಹಿಂದೆಯೇ ಸುಳ್ಳಿಗೆ ಬಳಸಿ ಮುಗಿಸಿದ್ದರು.

ಇನ್ನು ಇದನ್ನು ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ನಮ್ಮ ಅವ್ವನಿಗೆ ಒಂದು ಚಿಂತೆ ಹತ್ತಿತು. ಸುಳ್ಳು ಎಂದು ಗೊತ್ತಾದ ಮೇಲೆ ಅಳು ಹೇಗೆ ಬರಬೇಕು? ಅಳದಿದ್ದರೆ ಮಗಳಿಗೆ ಕೇಡು. ಅದಕ್ಕೆ ಒಳಗೆ ಹೋಗಿ ಉಳ್ಳಾಗಡ್ಡಿ ತಂದು, ಮಣೆಯ ಮೇಲೆ ಹೆಚ್ಚಿ, ಹೋಳುಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಕಣ್ಣೀರು ಹಾಕಿದಳು. "ನನ್ನ ಮಗಳ ನೀಲವ್ವಾ" ಎಂದು ಹಾಡಿಕೊಂಡು ಅತ್ತಳಂತೆ, ನಡುನಡುವೆ ನಗುತ್ತ. ಅಪ್ಪನಿಗೂ ಒಂದು ಹೋಳು ಕೊಟ್ಟಳು. ಇಬ್ಬರೂ ಕೂತು ಅತ್ತರು. ಆಮೇಲೆ ಬಾಣಂತನಕ್ಕೆ ಎಂದು ಮುಂಚೆಯೇ ಕಟ್ಟಿಟ್ಟಿದ್ದ ಅಂಟಿನ ಉಂಡಿಯಲ್ಲಿ ಒಂದಿಷ್ಟನ್ನು ಅರಿವೆಯಲ್ಲಿ ಗಂಟು ಹಾಕಿ, "ಬಸುರಿ ಹೆಂಗಸು, ತಿನ್ನಾಕ ಕೊಡು" ಎಂದು ಅವನ ಕೈಗೆ ತುರುಕಿದಳು. ಅವನು ಅಲ್ಲಿ ಉಣ್ಣಲೂ ಇಲ್ಲ, ಮಲಗಲೂ ಇಲ್ಲ. ತಿರುಗಿ ನಡೆಯಲು ಹತ್ತಿದ.

ಮರುದಿನ ಮುಂಜಾನೆ ಅವನು ಬಾಗಿಲಲ್ಲಿ ಬಂದು ನಿಂತದ್ದು ನನಗೆ ಮಲಗಿದ ಹೊರಸಿನ ಮೇಲಿನಿಂದ ಕಂಡಿತು. "ಅವ್ವ ಬಂದ್ಲೇನು?" ಎಂದೆ. ಅವನು ಗಂಟು ಬಿಚ್ಚಿದ. ಉಂಡಿಗಳು.

ಅತ್ತೆ ಅವನನ್ನು ಕೇಳಿದ ಮೊದಲ ಮಾತು, ಅವರು ಯಾಕೆ ಬರಲಿಲ್ಲ ಎಂದಲ್ಲ. "ಅತ್ರೇನು?" ಎಂದು ಕೇಳಿದರು.

"ಅತ್ರು" ಎಂದ ದುರಗಪ್ಪ.

"ಹಂಗಾರ ಉಳೀತಾಳ ಬಿಡು. ಕಣ್ಣೀರು ಬಿದ್ದ ಮ್ಯಾಲ ಮುಗೀತು. ಇನ್ನ ದವಾಖಾನಿ ಯಾಕ ಬೇಕು?" ಎಂದು ಅತ್ತೆ ಎದ್ದು ದೇವರಿಗೆ ಎಣ್ಣೆ ಹಾಕಲು ಹೋದರು.

ಆಗ ದುರಗಪ್ಪ ಕೂಗಿದ. ಆ ಮನೆಯಲ್ಲಿ ಅವನು ಅಷ್ಟು ದನಿ ತೆಗೆದದ್ದನ್ನು ಯಾರೂ ಕೇಳಿರಲಿಲ್ಲ. "ಉಳ್ಳಾಗಡ್ಡಿ ಕಣ್ಣೀರರೀ ಅವು! ಉಳ್ಳಾಗಡ್ಡಿ! ಯಾರೂ ಅತ್ತಿಲ್ಲ, ಯಾರೂ ನಂಬಿಲ್ಲ. ನನ್ನ ಬಾಯಿಗೆ ಹೊಲಸು ಹಚ್ಚಿ ಕಳಿಸಿದ್ರಿ ನೀವು." ಹೀಗೆಂದು ಅವನೇ ಹೋಗಿ ಕೊಟ್ಟಿಗೆಯಿಂದ ಎತ್ತು ಬಿಚ್ಚಿ ತಂದು ಗಾಡಿ ಹೂಡಿದ. ಸೂಲಗಿತ್ತಿಯೂ ಅವನೂ ಸೇರಿ ನನ್ನನ್ನು ಹೊರಸಿನ ಸಮೇತ ಎತ್ತಿ ಗಾಡಿಯಲ್ಲಿಟ್ಟರು. ಅತ್ತೆ ಬಾಗಿಲಲ್ಲಿ ನಿಂತು ಇವತ್ತು ದಿನ ಸರಿಯಿಲ್ಲ, ದಿಕ್ಕು ಸರಿಯಿಲ್ಲ ಎನ್ನುತ್ತಲೇ ಇದ್ದರು. ನಮ್ಮ ಮನೆಯವರು ಆಗ ಬಂದು ಗಾಡಿ ಹತ್ತಿದರು. ಬಾಯಿ ಬಿಡಲಿಲ್ಲ, ಹತ್ತಿದರು, ಅಷ್ಟನ್ನು ಅವರ ಲೆಕ್ಕಕ್ಕೆ ಬರೆಯಬೇಕು.

ನಾನು ಕೂಸನ್ನು ಎದೆಗೆ ಹಚ್ಚಿಕೊಂಡಿದ್ದೆ. ಅದು ಬಾಯಿ ಹಾಕುತ್ತಿತ್ತು, ಹಾಲು ಇರಲಿಲ್ಲ. ಸೂಲಗಿತ್ತಿ ಅರಿವೆ ತುದಿಯಿಂದ ಸಕ್ಕರೆ ನೀರು ಹಿಂಡುತ್ತಿದ್ದಳು. ದಾರಿಯಲ್ಲಿ ಯಾವ ಜಾಗವೋ ಗೊತ್ತಿಲ್ಲ, ಅದು ಬಾಯಿ ಹಾಕುವುದನ್ನು ಬಿಟ್ಟಿತು. ನನ್ನ ಮೈ ಸುಡುತ್ತಿದ್ದುದಕ್ಕೆ ಅದರ ಮೈ ತಣ್ಣಗಾದದ್ದು ನನಗೆ ಬೇಗ ತಿಳಿಯಿತು. ಕೊಪ್ಪಳ ಮುಟ್ಟುವವರೆಗೂ ಯಾರಿಗೂ ಹೇಳಲಿಲ್ಲ, ಹೇಳಿದರೆ ಕಸಿದುಕೊಳ್ಳುತ್ತಾರೆ ಎಂದು.

ದವಾಖಾನೆಯ ಡಾಕ್ಟರು ಉರ್ದು ಮಾತಿನವರು. ಇಷ್ಟು ತಡ ಯಾಕೆ ಮಾಡಿದಿರಿ ಎಂದು ನಮ್ಮ ಮನೆಯವರಿಗೆ ಮುಖ ಮುಖಕ್ಕೆ ಬೈದರು. ಇವರು ಏನೆಂದು ಹೇಳಿಯಾರು, ಯಾವ ಭಾಷೆಯಲ್ಲಿ ಹೇಳಿಯಾರು?

ನಾನು ಉಳಿದೆ. ಜ್ವರ ಇಳಿಯುತ್ತ ಬಂದಾಗ ಅತ್ತೆ ನೋಡಲು ಬಂದರು. ಹೊರಸಿನ ತುದಿಯಲ್ಲಿ ಕುಳಿತು, ಸಮಾಧಾನ ಹೇಳುವವರ ಹಾಗೆ, "ಕಾಗಿ ಸುಳ್ಳಾಗಲಿಲ್ಲ ನೋಡವ್ವ. ನಿನ್ನ ಬಿಟ್ಟು ನಿನ್ನ ಕೂಸನ್ನ ಒಯ್ತು. ನಾವು ಮಾಡಿದ್ದಕ್ಕ ನೀ ಉಳದಿ" ಎಂದರು. ಕೈಗೆ ಸಿಕ್ಕ ಹಿತ್ತಾಳೆ ಲೋಟವನ್ನು ಅವರ ಕಡೆ ಎಸೆದೆ. ತೋಳಿನಲ್ಲಿ ಶಕ್ತಿಯಿರಲಿಲ್ಲ, ಲೋಟ ನನ್ನ ಕಾಲಿನ ಹತ್ತಿರವೇ ಬಿತ್ತು. ಇಂದಿಗೂ ಅದೊಂದು ಹಳಹಳಿ ನನಗಿದೆ.

ದುರಗಪ್ಪ ಇನ್ನು ಯಾವ ಸುದ್ದಿಯನ್ನೂ ಯಾರ ಮನೆಗೂ ಒಯ್ಯುವುದಿಲ್ಲ ಎಂದುಬಿಟ್ಟ. ಕಡೆಗೆ ನಮ್ಮ ಮನೆಯವರೇ ಕುಷ್ಟಗಿ ಕಡೆಗೆ ಹೋದರು. ಅಳಿಯನೇ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಾಗ ಅವ್ವ ಅಪ್ಪ ನಂಬಿದರು.

ಅವ್ವ ದವಾಖಾನೆಯ ಬಾಗಿಲಿನಿಂದಲೇ ಬಾಯಿ ಬಡಿದುಕೊಳ್ಳುತ್ತ ಬಂದಳು. ನನ್ನ ಕೈ ಹಿಡಿದು, ಮುಖವನ್ನು ನನ್ನ ಕೈಯೊಳಗೆ ಇಟ್ಟು ಅತ್ತಳು. ಅಂಗೈ ತೊಯ್ದುಹೋಯಿತು. ಈ ಸಲ ಅವು ಖರೆ ಕಣ್ಣೀರು ಎಂದು ನನಗೆ ಗೊತ್ತಿತ್ತು. ಯಾವ ಅವ್ವನ ಸಲುವಾಗಿ ಅಷ್ಟು ಬಾಯಿ ಬಿಟ್ಟಿದ್ದೆನೋ ಅದೇ ಅವ್ವ. ನನಗೆ ಅಳು ಬರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು, "ಈಗ ಅಳಬ್ಯಾಡಬೇ. ನೀ ಅವತ್ತ ಅತ್ತೀಯಲ್ಲ" ಎಂದೆ.

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಪ್ಪ ಹೊರಗೆ ಹೋಗಿ ಕುಳಿತ.

ಮುಂದೆ ನನಗೆ ಮೂರು ಮಕ್ಕಳಾದವು, ಮೂರೂ ತವರಿನಲ್ಲಿಯೇ. ಅವ್ವನೇ ಬಾಣಂತನ ಮಾಡಿದಳು. ಅವಳ ಮೇಲಿನ ಸಿಟ್ಟು ಯಾವಾಗಲೋ ಇಳಿದುಹೋಯಿತು. ಪಾಪ, ಅವಳು ನನ್ನ ಒಳ್ಳೆಯದಕ್ಕೆಂದೇ ಕೂತು ಉಳ್ಳಾಗಡ್ಡಿ ಹೆಚ್ಚಿದವಳು. ಅತ್ತೆಯ ಮೇಲಿನದು ಇಳಿಯಲಿಲ್ಲ, ಅವರು ಸತ್ತ ದಿನವೂ ಇಳಿಯಲಿಲ್ಲ. "ಅವರೂ ನಿನ್ನ ಒಳ್ಳೇದಕ್ಕ ಮಾಡಿದ್ದಲ್ಲ ಆಯಿ" ಎನ್ನುತ್ತಾಳೆ ಮೊಮ್ಮಗಳು. ಇರಬಹುದು. ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡಿದರು. ಹೆಸರು ಇಡುವ ಮುಂಚೆಯೇ ಹೋದ ನನ್ನ ಕೂಸನ್ನು ಕೇಳಬೇಕು, ಅದು ಯಾರ ಒಳ್ಳೆಯದು ಎಂದು.

ಈಗ ನನಗೆ ವಯಸ್ಸಾಗಿದೆ. ಮಕ್ಕಳು, ಸೊಸೆಯಂದಿರನ್ನು ಕೂಡಿಸಿಕೊಂಡು ಒಂದೇ ಮಾತು ಹೇಳಿಟ್ಟಿದ್ದೇನೆ. ಮನೆಯಲ್ಲಿ ದೀಪ ಆರಿತು ಎನ್ನಿ, ಎಣ್ಣೆ ತೀರಿತು ಎನ್ನಿ, ಹೊರಟವರನ್ನು ಎಲ್ಲಿಗೆ ಎಂದು ಬೇಕಾದರೆ ಕೂಗಿ ಕೇಳಿ. ಆದರೆ ನೀಲವ್ವ ಸತ್ತಳು ಎಂದು ಈ ಮನೆಯಿಂದ ಸುದ್ದಿ ಹೋದ ದಿನ, ಕೇಳಿದವರು ಒಬ್ಬರೂ "ಖರೇ ಏನು?" ಎಂದು ಕೇಳುವ ಹಾಗಾಗಬಾರದು.